ಬಲಗಡೆಯ ಶಾಕ್

ಕೃಪಾ ಚೀಲದಿಂದ ಬೈಕಿನ ಮುರಿದ ಶಾಕ್ ಅಬ್ಸಾರ್ಬರನ್ನು ತೆಗೆದು ಕುಕ್ಕಿದ ರಭಸಕ್ಕೆ ಕೌಂಟರಿನ ಗಾಜು ಅದುರಿ, ಒಳಗೆ ಜೋಡಿಸಿಟ್ಟಿದ್ದ ಬ್ರೇಕ್ ಪ್ಯಾಡುಗಳು ಒಂದರ ಮೇಲೊಂದು ಜಾರಿದವು.

“ಇದನ್ನ ಮಾರಿದ್ದು ನೀವೇ ತಾನೆ?”

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಬೆಳಗಿನ ವ್ಯಾಪಾರ ಆಗಷ್ಟೇ ಶುರುವಾಗಿತ್ತು. ಚೈನಿಗೆ ಚೌಕಾಸಿ ಮಾಡುತ್ತಿದ್ದ ಇಬ್ಬರು ಗಿರಾಕಿಗಳು ಮಾತು ನಿಲ್ಲಿಸಿ ತಿರುಗಿ ನೋಡಿದರು. ದೇವರ ಪಟಕ್ಕೆ ಊದುಬತ್ತಿ ಸಿಕ್ಕಿಸುತ್ತಿದ್ದ ಅಂಗಡಿಯ ಯಜಮಾನ ದಿನಕರ ಎತ್ತಿದ ಕೈಯನ್ನು ಹಾಗೇ ಹಿಡಿದು ನಿಂತ.

“ಎವರಮ್ಮಾ ಮೀರು? ಏಮಿಟಿ ಈ ಗೊಡವ?” ಎಂದು ತೆಲುಗಿನಲ್ಲಿ ಗದರಿದ.

“ಕನ್ನಡದಲ್ಲೇ ಮಾತಾಡಿ. ನಿಮ್ಮ ಬೋರ್ಡಿನ ಮೂಲೇಲಿ ಕನ್ನಡ ಅಕ್ಷರ ಇದೆ.”

“ಬಳ್ಳಾರಿಯವ್ನು. ಕನ್ನಡದಾಗೇ ಕೇಳ್ತೀನಿ, ಯಾರ್ ನೀವು? ಬೋಣಿ ಆಗೋ ಟೈಮಿಗೆ ಬಂದು ಹಿಂಗ್ ಕುಕ್ಕಿದ್ರೆ ಏನ್ ಅರ್ಥ?”

“ನಾನು ಕೃಪಾ. ಇನ್ಶೂರೆನ್ಸ್ ಕಂಪನಿ ಪರವಾಗಿ ಆಕ್ಸಿಡೆಂಟ್ ಕೇಸುಗಳನ್ನ ವಿಚಾರಿಸೋಳು. ವಿಶಾಖಪಟ್ಟಣದಿಂದ ಬಂದಿದೀನಿ. ಪೃಥ್ವೀರಾಜ್ ಅಂತ ನೇವಿಯವರು ನಿಮ್ಮ ಹತ್ರ ಬೈಕಿಗೆ ಹಿಂದಿನ ಶಾಕ್ ತಗೊಂಡ್ರು. ತುನಿ ದಾಟಿದ ಮೇಲೆ ಹೈವೇಲಿ ಸತ್ತುಹೋದ್ರು.”

ದಿನಕರನ ಕೈಯಲ್ಲಿದ್ದ ಊದುಬತ್ತಿಯ ಬೂದಿ ಅಂಗಿಯ ಮೇಲೆ ಬಿತ್ತು. ಆತ ಅದನ್ನು ಒರೆಸಿಕೊಳ್ಳಲಿಲ್ಲ.

“ಸತ್ರಾ?”

“ಬೈಕಿನ ಹಿಂಭಾಗ ಒಂದೇ ಸಲ ಕುಸಿದು, ಲಾರಿ ಕೆಳಗೆ ಹೋಗಿದಾರೆ. ಪೊಲೀಸರು ಅತಿವೇಗ ಅಂತ ಬರೆದು ಕೈ ತೊಳ್ಕೊಂಡ್ರು. ಆದ್ರೆ ಇಲ್ಲಿ ನೋಡಿ.” ಕೃಪಾ ಶಾಕಿನ ಕೆಳತುದಿಯನ್ನು ಅವನ ಮುಖದ ಹತ್ತಿರ ಹಿಡಿದಳು. ಚಕ್ರದ ಬಳಿ ಬೋಲ್ಟು ಕೂರುವ ಕಬ್ಬಿಣದ ಬಳೆ ಬೆಸುಗೆಯ ಜಾಗದಲ್ಲೇ ಕಿತ್ತುಬಂದಿತ್ತು. “ಇಂಥ ಡೂಪ್ಲಿಕೇಟ್ ಮಾಲು ಮಾರೋಕೆ ನಿಮಗೆ ನಾಚಿಕೆ ಆಗ್ಲಿಲ್ವಾ? ಅವರ ಹೆಂಡತಿಗೆ ಹೋಗಿ ಏನು ಹೇಳ್ತೀರಾ?”

ದಿನಕರನ ಮುಖ ಕೆಂಪಾಯಿತು. ಆದರೂ ಅವನು ಕೂಗಲಿಲ್ಲ. ಗಿರಾಕಿಗಳಿಗೆ ಕೈಸನ್ನೆ ಮಾಡಿ ಹೊರಗೆ ಕಳಿಸಿದ. ಶಾಕನ್ನು ಕಸಿದುಕೊಂಡವನಂತೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋಗಿ, ತಿರುಗಿಸಿ ತಿರುಗಿಸಿ ನೋಡಿದ.

“ಇದು ನನ್ನ ಮಾಲಲ್ಲ.”

“ಎಲ್ಲರೂ ಹೇಳೋದು ಇದನ್ನೇ.”

“ಎಲ್ಲರ ಮಾತು ನನಗ್ಯಾಕ್ರೀ?” ಈಗ ಅವನ ದನಿ ಏರಿತು. “ಬೈಕಿಗೆ ಹಿಂದೆ ಎರಡು ಶಾಕ್ ಇರ್ತಾವಲ್ಲ, ಇನ್ನೊಂದೆಲ್ಲಿ? ಎಡಗಡೇದು ಎಲ್ಲಿ? ಒಂದನ್ನೇ ತಂದು ನನ್ನ ಮಾರಿಗೆ ಹಿಡಿದು ಕಳ್ಳ ಅಂತೀರಲ್ಲ!”

ಕೃಪಾ ಚೀಲಕ್ಕೆ ಕೈ ಹಾಕಿ ಎಡಗಡೆಯ ಶಾಕನ್ನೂ ತೆಗೆದಿಟ್ಟಳು. ಠಾಣೆಯಲ್ಲಿ ಸಹಿ ಹಾಕಿ ಎರಡನ್ನೂ ತಂದಿದ್ದಳು. ಎಡಗಡೆಯದಕ್ಕೆ ಗೀರು ಬಿದ್ದಿತ್ತು, ಆದರೆ ಮುರಿದಿರಲಿಲ್ಲ. ಎರಡರ ಸ್ಪ್ರಿಂಗೂ ಕೆಂಪು, ಎರಡರ ಮೇಲೂ ಒಂದೇ ಕಂಪನಿಯ ಹೆಸರು. ವಾರದಿಂದ ಅವಳ ಕಣ್ಣಿಗೆ ಅವು ಒಂದೇ ತರಹದ ಜೋಡಿಯಾಗಿಯೇ ಕಂಡಿದ್ದವು.

ದಿನಕರ ಎಡಗಡೆಯದನ್ನು ಎತ್ತಿ, ಒಂದು ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಮೇಲ್ತುದಿಯ ಜಿಡ್ಡನ್ನು ಒರೆಸಿದ. ಕಪ್ಪು ಲೋಹದ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಪೇಂಟಿನ ಚುಕ್ಕೆ ಮೂಡಿಬಂತು.

“ನನ್ನ ಅಂಗಡೀಲಿ ಮಾರಿದ ಪ್ರತಿ ಶಾಕಿಗೂ ನಾನೇ ಇಡೋ ಗುರುತು ಇದು. ನಾಳೆ ಯಾರೋ ಬೇರೆ ಕಡೆ ತಗೊಂಡು ನನ್ನ ಹತ್ರ ವಾರಂಟಿ ಕೇಳಬಾರ್ದು ಅಂತ. ಎಡಗಡೇದು ನಾನು ಕೊಟ್ಟಿದ್ದು. ಬಲಗಡೇದ್ರಾಗ ಚುಕ್ಕೆ ತೋರಿಸ್ರಿ ನೋಡೋಣ. ತೋರಿಸಿದ್ರೆ ಈ ಶಟರ್ ಇವತ್ತೇ ಎಳೀತೀನಿ.”

ಕೃಪಾ ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಬಲಗಡೆಯದರ ತಲೆಯನ್ನು ತಾನೇ ಉಜ್ಜಿದಳು. ಅಲ್ಲಿ ಚುಕ್ಕೆ ಇರಲಿಲ್ಲ. ಉಜ್ಜಿದ ಕಡೆ ಕಪ್ಪು ಬಣ್ಣವೇ ಸುಲಿದು ಬೆರಳಿಗೆ ಅಂಟಿತು.

“ಕೈಯಾಗ ಹಿಡಿದು ತೂಗಿ ನೋಡ್ರಿ,” ಎಂದ ದಿನಕರ. “ಎಡಗಡೇದು ಭಾರ. ಅದರೊಳಗೆ ಆಯಿಲ್ ಜೊತೆ ಗ್ಯಾಸ್ ಐತೆ. ಇದರಾಗೆ ಬರೀ ಹಳೇ ಆಯಿಲ್. ಯಾವುದೋ ಗುಜರಿ ಶಾಕಿಗೆ ಬಣ್ಣ ಬಳಿದು ಸ್ಟಿಕ್ಕರ್ ಹಚ್ಚ್ಯಾರೆ. ಆ ನೇವಿ ಸಾರ್ ನನಗೆ ನೆನಪಿದಾರೆ. ಗಂಡ ಹೆಂಡ್ತಿ ಇಬ್ರೂ ಬಂದಿದ್ರು. ಅಷ್ಟು ಹೊತ್ತು ಕೂತು ಶಾಕ್ ಆರಿಸಿದೋರು ಇನ್ಯಾರೂ ಇಲ್ಲ.”

“ಇಬ್ಬರೂನಾ?”

“ಹೌದ್ರೀ. ಇಬ್ರೂ ಲಗೇಜ್ ಕಟ್ಟಿಕೊಂಡು ಊರೂರು ತಿರುಗೋರಂತೆ. ಕಂಪನಿಯಿಂದ ಬಂದ ಶಾಕ್ ಸೋತು, ಗುಂಡಿಗೆ ಬಿದ್ದಾಗೆಲ್ಲ ಹಿಂದೆ ಕೂತೋರ ಬೆನ್ನು ಮುರೀತಿತ್ತಂತೆ. ಸಾರ್ ಬಣ್ಣ ನೋಡಿದ್ರು. ಆಯಮ್ಮ ಸ್ಪ್ರಿಂಗ್ ನೋಡಿದ್ರು. ಇಬ್ಬರ ತೂಕಕ್ಕೆ ಯಾವ ಸ್ಪ್ರಿಂಗ್ ಬೇಕು, ಒಬ್ರೇ ಹೋದಾಗ ಹೆಂಗ್ ಸಡಿಲ ಮಾಡ್ಬೇಕು, ಉದ್ದ ಒಂದಿಂಚು ಹೆಚ್ಚಾದ್ರೆ ಬೈಕು ಹೆಂಗ್ ಎಳಿಯುತ್ತೆ, ಎಲ್ಲಾ ಕೇಳಿದ್ರು. ಮೆಕ್ಯಾನಿಕ್ ಹತ್ರ ಹೋಗದೇ ಮನೇಲೇ ಹಾಕ್ಕೋಬಹುದಾ ಅಂದ್ರು. ಸೈಡ್‌ಗೆ ಎರಡೇ ನಟ್ಟು, ಒಂದು ಸ್ಪ್ಯಾನರ್ ಇದ್ರೆ ಸಾಕಮ್ಮಾ ಅಂತ ನಾನೇ ಹೇಳಿಕೊಟ್ಟೆ. ಆಯಮ್ಮನೇ ಆರಿಸಿದ್ದು ಇದನ್ನ.”

ಹೆಂಡತಿ ಅಷ್ಟು ಜೋಪಾನವಾಗಿ ಆರಿಸಿದ ವಸ್ತುವನ್ನು ಯಾರೋ ಬಿಚ್ಚಿ, ಆ ಜಾಗಕ್ಕೆ ಸಾವನ್ನು ತಂದು ಬಿಗಿದಿದ್ದರು. ಮಣ್ಣು ಮಾಡಿ ಬಂದ ಮರುದಿನವೇ ಆ ಹೆಂಡತಿ ಸಿಂಧೂರ ತನ್ನ ಮುಂದೆ ಕೂತು ಮುಷ್ಟಿ ಬಿಗಿದು ಹೇಳಿದ ಮಾತು ಕೃಪಾಳ ಕಿವಿಯಲ್ಲಿತ್ತು: “ನನ್ನ ಗಂಡ ಸ್ಪೀಡಾಗಿ ಓಡಿಸೋನಲ್ಲ. ಬರೆದೋರ ಕೈಯಿಂದಲೇ ಅದನ್ನ ಅಳಿಸ್ಬೇಕು.”

“ಯಾರೋ ಕದ್ದು ಬದಲಾಯಿಸಿರಬಹುದು,” ಎಂದಳು. “ಒಳ್ಳೇದನ್ನ ತೆಗೆದು ಮಾರ್ಕೊಳೋಕೆ.”

“ಒಂದನ್ನೇನ್ರೀ?” ದಿನಕರ ನಗಲಿಲ್ಲ. “ಶಾಕ್ ಜೋಡಿ ಇದ್ರೇನೇ ಬೆಲೆ. ಒಂಟಿ ಶಾಕ್ ಯಾರ್ ತಗೋತಾರೆ? ಕಳ್ಳನಾಗಿದ್ರೆ ಎರಡನ್ನೂ ಬಿಚ್ಚತಿದ್ದ.”

ಹೊರಗೆ ಆಟೋಗಳ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು. ಕೃಪಾ ಎರಡೂ ಶಾಕುಗಳ ಮೇಲೆ ಕೈಯಿಟ್ಟು ನಿಂತಳು. ಹೌದು, ಕದಿಯಲು ಬಂದವನು ಒಂದನ್ನು ಬಿಟ್ಟುಹೋಗುವುದಿಲ್ಲ. ಕೊಲ್ಲಲು ಬಂದವರಿಗೆ ಮಾತ್ರ ಒಂದೇ ಸಾಕು.

“ಇನ್ನೊಂದು ವಿಚಾರ ಐತೆ,” ದಿನಕರ ಈಗ ಸಣ್ಣ ದನಿಯಲ್ಲಿ ಹೇಳಿದ. “ಹೋದ ವಾರ ಒಬ್ಬ ಮನುಷ್ಯ ಆಫೀಸ್ ಬ್ಯಾಗಿನಾಗೆ ಇಂಥದ್ದೇ ಒಂದು ಶಾಕ್ ಹಾಕ್ಕೊಂಡು ಬಂದಿದ್ದ. ಇದು ನಿಮ್ಮಲ್ಲಿ ಮಾರಿದ್ದಾ, ಯಾರು ತಗೊಂಡ್ರು ಅಂತ ಕೇಳಿದ. ಹಳದಿ ಚುಕ್ಕೆ ಇತ್ತು. ನೇವಿ ಸಾರ್ ತಗೊಂಡಿದ್ದು ಅಂದೆ. ಅವನ ಮುಖ ಸುಣ್ಣ ಆಯ್ತು. ಇದರ ಜೋಡಿ ಎಲ್ಲಿ ಅಂತ ನಾನು ಕೇಳೋದ್ರಾಗೆ ಬ್ಯಾಗ್ ಎತ್ಕೊಂಡು ಹೊಂಟೇಹೋದ.”

ಕೃಪಾ ಫೋನಿನಲ್ಲಿ ಒಂದು ಚಿತ್ರ ತೆರೆದಳು. ಪೃಥ್ವೀರಾಜನ ಬೈಕ್ ಗೆಳೆಯರ ಗುಂಪಿನ ಫೋಟೋ, ಸಿಂಧೂರ ಕೊಟ್ಟಿದ್ದು.

ದಿನಕರನ ಎಣ್ಣೆ ಮೆತ್ತಿದ ಬೆರಳು ಎರಡನೇ ಸಾಲಿನ ಕನ್ನಡಕದವನ ಮೇಲೆ ನಿಂತಿತು.

ಸುಮಂತ್. ವಿಶಾಖಪಟ್ಟಣದ ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಅಧಿಕಾರಿ. ಪೃಥ್ವೀರಾಜನ ಆಪ್ತ ಗೆಳೆಯ. ಶವಕ್ಕೆ ಹೆಗಲು ಕೊಟ್ಟವನು.

*

ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿದ್ದಾಗ ಕೃಪಾಳಿಗೆ ಕಂಪನಿಯ ಮ್ಯಾನೇಜರರ ಫೋನ್ ಬಂತು.

“ಕೃಪಾ ಗಾರು, ಪೊಲೀಸ್ ರಿಪೋರ್ಟ್ ಇದೆಯಲ್ಲ. ಓವರ್‌ಸ್ಪೀಡ್ ಅಂತ ಬರೆದು ಫೈಲ್ ಕ್ಲೋಸ್ ಮಾಡಿ. ನೀವು ವಿಜಯವಾಡಕ್ಕೆ ಯಾಕೆ ಹೋದ್ರಿ?”

“ಸತ್ತವನ ಹೆಸರಿಗೆ ಸುಳ್ಳು ಬರೆಯೋಕೆ ನನ್ನ ಕೈಯಲ್ಲಿ ಆಗಲ್ಲ ಸಾರ್. ಬೇಕಾದ್ರೆ ನೀವೇ ಬರೆದು ನೀವೇ ಸಹಿ ಹಾಕಿ,” ಎಂದು ಕಟ್ ಮಾಡಿದಳು.

ಹಿಂದೆಯೇ ಸಿಂಧೂರಳ ಫೋನ್. “ಏನಾಯ್ತು? ಒಪ್ಕೊಂಡ್ನಾ ಆ ಅಂಗಡಿಯವನು?”

“ಇನ್ನೂ ವಿಚಾರಿಸ್ತಾ ಇದೀನಿ.”

“ವಿಚಾರಿಸೋದೇನಿದೆ? ಡೂಪ್ಲಿಕೇಟ್ ಮಾರಿದಾನೆ, ನನ್ನ ಗಂಡ ಸತ್ತ. ಅವನನ್ನ ಬಿಡಬೇಡಿ ಕೃಪಾ. ಒಳಗೆ ಹಾಕಿಸಿ.” ಮೈಸೂರು ಕಡೆಯ ಆ ಮೆದು ಮಾತು ಸಿಟ್ಟಿಗೆ ನಡುಗುತ್ತಿತ್ತು.

ಕೃಪಾ ಸುಮಂತನ ಹೆಸರು ಹೇಳಲಿಲ್ಲ. ಗಂಡನ ಗೆಳೆಯನೇ ಹೀಗೆ ಮಾಡಿದನೆಂದು ಫೋನಿನಲ್ಲಿ ಹೇಳುವುದು ಹೇಗೆ? “ಯಾರನ್ನೂ ಬಿಡಲ್ಲ,” ಎಂದಳು ಅಷ್ಟೇ.

*

ಭಾನುವಾರ ಬೆಳಗ್ಗೆ ವಿಶಾಖಪಟ್ಟಣದ ಹತ್ತಿರದ ಭೀಮುನಿಪಟ್ಟಣದಲ್ಲಿ ಸುಮಂತನ ಬಾಡಿಗೆ ಮನೆಯ ಗೇಟು ತೆಗೆದದ್ದು ಅವನ ಹೆಂಡತಿ ಲಕ್ಷ್ಮೀ. ಕೈಗೆ ದೋಸೆಹಿಟ್ಟು ಮೆತ್ತಿತ್ತು.

“ಬನ್ನಿ, ಒಳಗೆ ಬನ್ನಿ. ಪೃಥ್ವಿ ಅವರ ವಿಷಯಾನಾ? ಪಾಪ, ಎಷ್ಟು ಒಳ್ಳೆಯವರು. ಇವರು ಅವತ್ತಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ. ಕೂತ್ಕೊಳಿ, ಕಾಫಿ ತರ್ತೀನಿ.”

ಸುಮಂತ್ ಹೊರಗಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ಕೃಪಾ ನಮಸ್ಕಾರವನ್ನೂ ಹೇಳದೆ ಎಡಗಡೆಯ ಶಾಕನ್ನು ಪೇಪರಿನ ಮೇಲೆಯೇ ಇಟ್ಟಳು.

“ಇದರ ಜೋಡಿ ಎಲ್ಲಿ?”

“ಯಾವ... ಯಾವ ಜೋಡಿ?”

“ಆಫೀಸ್ ಬ್ಯಾಗಿನಲ್ಲಿ ಹಾಕ್ಕೊಂಡು ಗವರ್ನರ್‌ಪೇಟೆಗೆ ಹೋಗಿದ್ರಲ್ಲ, ಅದು. ನನ್ನ ಮುಂದೆ ನಾಟಕ ಆಡಬೇಡಿ. ಹೆಗಲು ಕೊಟ್ಟು ಅತ್ರಲ್ಲ, ಅಲ್ಲೇ ಸಾಕಷ್ಟು ನಾಟಕ ಆಯ್ತು.”

ಸುಮಂತ್ ಎದ್ದ. ಬಾಗಿಲಿಗೆ ಓಡುತ್ತಾನೇನೋ ಎಂದು ಕೃಪಾಳೂ ಎದ್ದಳು. ಅವನು ಹೋದದ್ದು ಅಡುಗೆಮನೆಯ ಕಡೆಗೆ. ಅದರ ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದು ಬಂದ.

“ಮೆಲ್ಲಗೆ ಮಾತಾಡಿ. ದಯವಿಟ್ಟು.”

“ಯಾಕೆ ಮೆಲ್ಲಗೆ? ಕೊಲೆ ಮಾಡಿದೋರು ಮೆಲ್ಲಗೆ ಮಾತಾಡ್ಬೇಕು. ನಾನ್ಯಾಕೆ?”

“ನಾನು ಮಾಡಿಲ್ಲ!” ಅವನ ಪಿಸುದನಿ ಒಡೆಯಿತು. ಕಪಾಟಿನ ಮೇಲಿಂದ ಬ್ಯಾಗು ಇಳಿಸಿ, ಟವೆಲಿನಲ್ಲಿ ಸುತ್ತಿದ್ದ ವಸ್ತುವನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಕೆಂಪು ಸ್ಪ್ರಿಂಗು, ತಲೆಯ ಮೇಲೆ ಹಳದಿ ಚುಕ್ಕೆ. “ಹಿತ್ತಲಲ್ಲಿ ನೀರಿನ ಡ್ರಮ್ಮಿನ ಹಿಂದೆ ಸಿಕ್ತು. ಪೃಥ್ವಿ ತೀರಿಕೊಂಡ ಮೇಲೆ. ನಾನು ಬೈಕ್ ಓಡಿಸೋನು, ನೋಡಿದ ತಕ್ಷಣ ಗೊತ್ತಾಯ್ತು. ಆದ್ರೂ ಅವನದ್ದೇ ಹೌದೋ ಅಲ್ವೋ ಅಂತ ಖಾತ್ರಿ ಮಾಡ್ಕೊಳೋಕೆ ಅಂಗಡಿಗೆ ಹೋಗಿದ್ದೆ.”

“ಪೃಥ್ವೀರಾಜ್ ಬೈಕಿನ ಶಾಕ್ ನಿಮ್ಮ ಹಿತ್ತಲಿಗೆ ಹೇಗೆ ಬಂತು?”

“ಬೈಕೇ ಇಲ್ಲಿತ್ತು. ಅವನ ಹಡಗು ಸಮುದ್ರಕ್ಕೆ ಹೊರಡೋದಿತ್ತು. ನೀನೇ ತಗೊಂಡು ಹೋಗು, ಹೊಸ ಶಾಕ್ ಹೇಗಿದೆ ನೋಡು ಅಂತ ಗುರುವಾರ ತಂದು ನಿಲ್ಲಿಸಿ ಹೋಗಿದ್ದ. ಭಾನುವಾರ ಗುಂಪಿನವರೆಲ್ಲ ವಿಜಯವಾಡದಲ್ಲಿ ಸೇರೋದು ಅಂತಿತ್ತು.” ಸುಮಂತ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. “ಆ ಬೈಕ್ ಮೇಲೆ ಅವತ್ತು ಹೋಗಬೇಕಾಗಿದ್ದು ನಾನು.”

ಕೃಪಾ ಕುಳಿತಳು.

“ಮತ್ತೆ ಅವರು ಯಾಕೆ ಹೋದ್ರು?”

“ಶನಿವಾರ ನನಗೆ ಜ್ವರ ಬಂತು. ಅವತ್ತೇ ಅವನ ಹಡಗು ಹೊರಡೋದು ಮುಂದಕ್ಕೆ ಹೋಯ್ತು. ಹಾಗಾದ್ರೆ ನಾನೇ ಹೋಗ್ತೀನಿ ಅಂತ ಭಾನುವಾರ ನಸುಕಿನಲ್ಲೇ ಬಂದು ಬೈಕ್ ತಗೊಂಡು ಹೋದ. ನಾನು ಹೊದ್ದು ಮಲಗಿದ್ದೆ. ಗೇಟಿನವರೆಗೂ ಎದ್ದು ಹೋಗಲಿಲ್ಲ.”

“ಇದು ಸಿಕ್ಕಿದ ದಿನವೇ ಪೊಲೀಸರಿಗೆ ಯಾಕೆ ಕೊಡಲಿಲ್ಲ? ಗೆಳೆಯನ ತಲೆ ಮೇಲೆ ಅತಿವೇಗ ಅಂತ ಕೂರಿಸಿದ್ರಲ್ಲ, ಸುಮ್ಮನೆ ನೋಡ್ತಾ ಕೂತ್ರಾ?”

ಸುಮಂತ್ ಅಡುಗೆಮನೆಯ ಬಾಗಿಲನ್ನು ನೋಡಿದ. “ಮನೇಲಿ ಇರೋದು ಇಬ್ರೇ. ನಾನು ಬಿಚ್ಚಿಲ್ಲ. ನಮ್ಮಿಬ್ಬರ ಜಗಳ ಬೀದಿಗೆಲ್ಲ ಗೊತ್ತು. ನೀವು ಸತ್ರೆ ನನಗೆ ನೆಮ್ಮದಿ ಅಂತ ಹೋದ ತಿಂಗಳೂ ಅಂದಿದ್ಲು. ನಾನೇನು ಮಾಡ್ಲಿ ಹೇಳಿ? ಹೆಂಡ್ತೀನ ಹಿಡಿದು ಕೊಡ್ಲಾ?”

ಎಳೆದಿದ್ದ ಬಾಗಿಲು ಗೋಡೆಗೆ ಬಡಿಯಿತು.

ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಲಕ್ಷ್ಮಿಯ ಮುಖದಲ್ಲಿ ಮೊದಲಿನ ನಗು ಗುರುತೂ ಇಲ್ಲದಂತೆ ಹೋಗಿತ್ತು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ತಳ್ಳಿದಳು. ಒಂದು ಲೋಟ ಉರುಳಿ ಕಾಫಿ ಗೋಡೆಯುದ್ದಕ್ಕೂ ಇಳಿಯಿತು.

“ನಾನಾ? ನಾನು ಕೊಲ್ಲೋಳಾ?”

“ಲಕ್ಷ್ಮೀ, ಸ್ವಲ್ಪ...”

“ಮಾತಾಡಬೇಡಿ! ಮೂರು ವಾರದಿಂದ ನನ್ನ ಕೈಯಲ್ಲಿ ಅನ್ನ ತಿನ್ನದೆ ಹೋಟೆಲ್ಲಲ್ಲಿ ತಿಂದು ಬರ್ತಿದ್ದೀರಲ್ಲ, ಇದಕ್ಕಾ? ದುಃಖ ಅಂದ್ಕೊಂಡೆ ನಾನು. ನಿಮಗೆ ಬೇಜಾರಾಗಬಾರ್ದು ಅಂತ ಬೆಕ್ಕಿನ ಹಾಗೆ ಓಡಾಡ್ತಿದ್ದೆ. ವಿಷ ಹಾಕ್ತೀನಿ ಅಂತ ಭಯಾನಾ?” ಅವಳು ಗಂಡನ ಎದುರಿಗೇ ಬಂದು ನಿಂತಳು. “ಜಗಳ ಆಡ್ತೀನಿ. ಹೌದು, ಬಾಯಿಗೆ ಬಂದಿದ್ದು ಅಂತೀನಿ. ಹನ್ನೊಂದು ವರ್ಷ ಜೊತೇಲಿ ಬಾಳಿದ ಮೇಲೆ ನೀವು ನನ್ನನ್ನ ತಿಳ್ಕೊಂಡಿದ್ದು ಇಷ್ಟೇನಾ?”

ಸುಮಂತ್ ತಲೆ ತಗ್ಗಿಸಿದ. ಕೃಪಾಳಿಗೆ ಅವನ ಮೇಲಿದ್ದ ಸಿಟ್ಟು ಇಳಿಯಲಿಲ್ಲ, ರೂಪ ಬದಲಾಯಿಸಿತು.

“ಲಕ್ಷ್ಮೀ ಅವರೇ, ಇದನ್ನ ನೋಡಿ,” ಎಂದು ಮೇಜಿನ ಕಡೆ ಕೈ ತೋರಿಸಿದಳು. “ಇದು ನಿಮ್ಮ ಹಿತ್ತಲಲ್ಲಿ ಸಿಕ್ಕಿದ್ದು. ನಿಮಗೇನಾದ್ರೂ ಗೊತ್ತಾ?”

ಲಕ್ಷ್ಮೀ ಬಿರುಸಿನಿಂದ ತಿರುಗಿದವಳು ಅಲ್ಲೇ ತಡೆದು ನಿಂತಳು. ಕಣ್ಣು ಮೊದಲು ಹೋದದ್ದು ಶಾಕಿನ ಮೇಲಲ್ಲ, ಸುತ್ತಿದ್ದ ಟವೆಲಿನ ಮೇಲೆ. ಅಂಚಿಗೆ ನೀಲಿ ದಾರದ ಕಸೂತಿಯಿದ್ದ ಬಿಳಿ ಟವೆಲು.

“ಇದು ನಮ್ಮನೆ ಟವೆಲ್ ಅಲ್ಲ.”

“ಡ್ರಮ್ಮಿನ ಹಿಂದೆ ಇದರಲ್ಲೇ ಸುತ್ತಿತ್ತು,” ಎಂದ ಸುಮಂತ್.

“ಅದನ್ನ ನನಗೆ ತೋರಿಸಿದ್ದಿದ್ರೆ ಅವತ್ತೇ ಹೇಳ್ತಿದ್ದೆ!” ಲಕ್ಷ್ಮೀ ಗಂಡನ ಮೇಲೆ ಹರಿಹಾಯ್ದಳು. ಆಮೇಲೆ ಕೃಪಾಳ ಕಡೆ ತಿರುಗಿದಳು. ಮಾತು ನಿಧಾನವಾಯಿತು. “ಶುಕ್ರವಾರ ಮಧ್ಯಾಹ್ನ. ಇವರು ಬ್ಯಾಂಕಲ್ಲಿದ್ರು. ಬೈಕಿನ ಬ್ಯಾಗಿನಲ್ಲಿ ಏನೋ ಮರೆತಿದೀನಿ ಅಂತ ಬಂದ್ರು. ನಾನು ಮಜ್ಜಿಗೆ ತರೋಕೆ ಒಳಗೆ ಹೋದೆ. ಹಾಲು ಉಕ್ಕಿತ್ತು, ಒಲೆ ಒರೆಸಿ ಬರೋದು ತಡ ಆಯ್ತು. ವಾಪಸ್ ಬಂದ್ರೆ ಹಿಂದಿನ ಚಕ್ರದ ಹತ್ರ ಕೂತಿದಾರೆ, ಕೈಯಲ್ಲಿ ಸ್ಪ್ಯಾನರು. ಪಕ್ಕದಲ್ಲಿ ಈ ಟವೆಲು. ನಟ್ಟು ಸಡಿಲ ಇತ್ತು, ಬಿಗಿ ಮಾಡ್ತಿದೀನಿ ಅಂದ್ರು. ನನಗೇನು ಗೊತ್ತು ಇದೆಲ್ಲ? ಕೈ ತೊಳೀರಿ ಅಂತ ಡ್ರಮ್ಮಿನ ಹತ್ರ ನಾನೇ ಕಳಿಸಿ, ಸೋಪು ತರೋಕೆ ಒಳಗೆ ಹೋದೆ.”

“ಯಾರು?” ಕೃಪಾಳಿಗೆ ಉತ್ತರ ಗೊತ್ತಾಗಿಬಿಟ್ಟಿತ್ತು. ಆದರೂ ಕೇಳಿದಳು.

“ಸಿಂಧೂರ.”

ಕೃಪಾ ಎದ್ದು ನಿಂತಳು. ಸ್ಪ್ರಿಂಗ್ ನೋಡಿ ಆರಿಸಿದ ಹೆಂಗಸು. ಅಂಗಡಿಯವನನ್ನು ಒಳಗೆ ಹಾಕಿಸಿ ಎಂದು ನಡುಗಿದ ದನಿ. ಇಷ್ಟು ದಿನ ತಾನು ಯಾರ ಸಿಟ್ಟನ್ನು ನಂಬಿ ಊರೂರು ಅಲೆದು ಜನರ ಮೇಲೆ ಕೂಗಾಡಿದೆನೋ, ಅದೇ ಸಿಟ್ಟು ತನ್ನನ್ನು ದಿನಕರನ ಅಂಗಡಿಯ ಕಡೆಗೆ ಅಟ್ಟಿತ್ತು.

“ಅಂದ್ರೆ ಸಿಂಧೂರ ಕೊಲ್ಲೋಕೆ ನೋಡಿದ್ದು ನಿಮ್ಮನ್ನ,” ಸುಮಂತನ ಮುಂದೆ ಬಾಗಿ ಕೇಳಿದಳು. “ಹಡಗು ನಿಲ್ಲುತ್ತೆ, ಗಂಡನೇ ಬೈಕ್ ಹತ್ತುತ್ತಾನೆ ಅಂತ ಅವರಿಗೆ ಗೊತ್ತಿರಲಿಲ್ಲ. ಶನಿವಾರ ಬೆಳಗ್ಗೆಯೇ ತವರಿಗೆ ಅಂತ ಮೈಸೂರಿನ ರೈಲು ಹತ್ತಿದ್ರು, ಅವರೇ ನನಗೆ ಹೇಳಿದಾರೆ. ನಿಜ ಹೇಳಿ ಸುಮಂತ್, ನಿಮ್ಮ ಮೇಲೆ ಅವರಿಗೆ ಏನು ದ್ವೇಷ? ಏನು ಮಾಡಿದ್ರಿ ಅವರಿಗೆ?”

ಲಕ್ಷ್ಮಿಯೂ ಗಂಡನ ಮುಖವನ್ನೇ ನೋಡುತ್ತಿದ್ದಳು.

ಸುಮಂತ್ ಟವೆಲಿನ ನೀಲಿ ಅಂಚನ್ನು ಎಳೆದು ಶಾಕಿನ ಮೇಲೆ ಮುಚ್ಚಿದ.

“ನನ್ನ ಮೇಲೆ ಅವರಿಗೆ ಯಾವ ದ್ವೇಷವೂ ಇಲ್ಲ, ಯಾಕೆ ಹೀಗೆ ಮಾಡಿದ್ರೋ ನನಗೂ ಗೊತ್ತಿಲ್ಲ. ಆದ್ರೆ ಅವರಿಗೆ ಗೊತ್ತಿರಲಿಲ್ಲ ಅಂದ್ರಲ್ಲ, ಗೊತ್ತಿತ್ತು. ಶನಿವಾರ ಸಂಜೆ ಅವರು ರೈಲಲ್ಲಿದ್ದಾಗ ನಾನೇ ಫೋನ್ ಮಾಡಿದ್ದೆ. ನನಗೆ ಜ್ವರ, ನಾನು ಹೋಗ್ತಿಲ್ಲ, ಪೃಥ್ವಿ ಒಬ್ಬನೇ ಹೊರಟಿದಾನೆ, ನೀವಾದ್ರೂ ಬೇಡ ಅಂತ ಹೇಳಿ ಅಂದೆ.”

“ಏನಂದ್ರು?”

“ಆ ಬೈಕಲ್ಲೇನಾ ಅಂತ ಕೇಳಿದ್ರು, ಹೌದು ಅಂದೆ. ಆಮೇಲೆ, ‘ಹೋಗಿ ಬರ್ಲಿ ಬಿಡಿ’ ಅಂದ್ರು.”